ದೊಡ್ಡದು ಯಾವುದು? ಸಂಖ್ಯೆಗಳ ಹೋಲಿಕೆ ಕಲಿಸುವ ಒಂದು ಪೆಟ್ಟಿಗೆಯ ವಿಮರ್ಶೆ

ಆರನೆಯ ತರಗತಿಯ ಗಣಿತದಲ್ಲಿ ಪೂರ್ಣ ಸಂಖ್ಯೆ, ಪೂರ್ಣಾಂಕ ಮತ್ತು ಭಿನ್ನರಾಶಿಗಳ ಪಾಠಗಳು ಒಂದೇ ವರ್ಷದಲ್ಲಿ ಬರುತ್ತವೆ. ಮೂರರ ಅಭ್ಯಾಸದಲ್ಲಿಯೂ ಮತ್ತೆ ಮತ್ತೆ ಎದುರಾಗುವುದು ಒಂದೇ ಪ್ರಶ್ನೆ: ಇವೆರಡರಲ್ಲಿ ದೊಡ್ಡದು ಯಾವುದು? ಪೂರ್ಣ ಸಂಖ್ಯೆಗಳಲ್ಲಿ 6ಕ್ಕಿಂತ 8 ದೊಡ್ಡದು. ಋಣ ಸಂಖ್ಯೆಗಳೂ ಸೇರಿದ ಪೂರ್ಣಾಂಕಗಳಿಗೆ ಬಂದರೆ −6ಕ್ಕಿಂತ −8 ಚಿಕ್ಕದು. ಭಿನ್ನರಾಶಿಗಳಿಗೆ ಬಂದರೆ 1/6ಕ್ಕಿಂತ 1/8 ಚಿಕ್ಕದು. ಅಂಕಿಗಳು ಅವೇ ಆದರೂ ಉತ್ತರ ತಿರುಗುಮುರುಗಾಗುತ್ತದೆ. ಐದು ವರ್ಷ ಕಾಲ ಅಂಕಿಯನ್ನು ನೋಡಿಯೇ ದೊಡ್ಡದು ಚಿಕ್ಕದು ಹೇಳಿ ಶಹಬ್ಬಾಸ್ ಎನಿಸಿಕೊಂಡ ಮಗುವಿಗೆ, ಆ ಅಭ್ಯಾಸವೇ ಈಗ ಅಡ್ಡಬರುತ್ತದೆ ಎಂಬುದು ತಾನಾಗಿ ಹೊಳೆಯುವುದಿಲ್ಲ.

ಈ ಒಂದು ಪ್ರಶ್ನೆಯನ್ನೇ ಹಿಡಿದು ತಯಾರಿಸಿರುವ ಕಲಿಕೋಪಕರಣದ ಪೆಟ್ಟಿಗೆಯನ್ನು ಬೆಂಗಳೂರಿನ ಅಂಗಡಿಯೊಂದರಲ್ಲಿ 1,350 ರೂಪಾಯಿ ಕೊಟ್ಟು ಕೊಂಡೆ. ಅಣ್ಣನ ಮಗಳು ಆರನೆಯ ತರಗತಿಯಲ್ಲಿಯೂ ಅವಳ ತಮ್ಮ ನಾಲ್ಕನೆಯ ತರಗತಿಯಲ್ಲಿಯೂ ಓದುತ್ತಿದ್ದಾರೆ. ಶಾಲೆ ಬಿಟ್ಟ ಮೇಲೆ ಇಬ್ಬರೂ ನಮ್ಮ ಮನೆಯಲ್ಲಿಯೇ ಇರುವುದರಿಂದ ಪೆಟ್ಟಿಗೆ ಅವರ ಕೈಯಲ್ಲಿ ಸಾಕಷ್ಟು ಪಳಗಿದೆ. ತಯಾರಕರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇದೇ ಅಚ್ಚಿನ ಪೆಟ್ಟಿಗೆಗಳು ಬೇರೆ ಬೇರೆ ಹೆಸರು ಹೊತ್ತು ಮಾರಾಟವಾಗುತ್ತಿರುವುದರಿಂದ ಹೆಸರಿಗಿಂತ ಒಳಗಿರುವ ಸಾಮಾನುಗಳಿಂದಲೇ ಇದನ್ನು ಗುರುತಿಸುವುದು ಸುಲಭ. ಹಿಂಬದಿಗೆ ಅಯಸ್ಕಾಂತ ಅಂಟಿಸಿದ, ಭಿನ್ನರಾಶಿಗಳನ್ನು ತೋರಿಸುವ 51 ಫೋಮ್ ಪಟ್ಟಿಗಳು, ವೃತ್ತವನ್ನು ಭಾಗ ಮಾಡಿದ ಬಿಲ್ಲೆಗಳ ಒಂದು ಕಟ್ಟು, −20ರಿಂದ 20ರವರೆಗಿನ ಸಂಖ್ಯಾರೇಖೆ ಮುದ್ರಿಸಿದ ಫ್ಲೆಕ್ಸ್ ಪಟ್ಟಿ, ಒಂದು ಮುಖ ಹಳದಿ ಮತ್ತೊಂದು ಮುಖ ಕೆಂಪು ಇರುವ ಪ್ಲಾಸ್ಟಿಕ್ ಬಿಲ್ಲೆಗಳು, ನೂರು ಮಣಿಗಳ ಸರ, ಸ್ಥಾನಬೆಲೆಯ ಕಾರ್ಡುಗಳು, ಆಟದ ಕಾರ್ಡುಗಳು ಮತ್ತು ಕನ್ನಡದ ಒಂದು ಕೈಪಿಡಿ ಇದರಲ್ಲಿವೆ. ತೀರ್ಪನ್ನು ಮೊದಲೇ ಹೇಳಿಬಿಡುವುದಾದರೆ, ಭಿನ್ನರಾಶಿ ಪಟ್ಟಿಗಳಿಗಾಗಿಯೇ ಈ ಹಣ ಕೊಡಬಹುದು. ಆದರೆ ಮೂರು ಬಗೆಯ ಸಂಖ್ಯೆಗಳನ್ನೂ ಒಟ್ಟಿಗೆ ಹೋಲಿಸಲು ಕಲಿಸುತ್ತೇವೆಂದು ಮುಚ್ಚಳದ ಮೇಲೆ ಕೊಟ್ಟಿರುವ ಮಾತನ್ನು ಪೆಟ್ಟಿಗೆ ಉಳಿಸಿಕೊಂಡಿಲ್ಲ. ಆ ಕೆಲಸವನ್ನು ನಾವೇ ಮನೆಯಲ್ಲಿ ಮುಗಿಸಿಕೊಳ್ಳಬೇಕಾಯಿತು.

ಪೂರ್ಣ ಸಂಖ್ಯೆಗಳ ಭಾಗದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಮಣಿಸರದಲ್ಲಿ ಹತ್ತು ಮಣಿ ಕೆಂಪು, ಹತ್ತು ಮಣಿ ಬಿಳಿ ಎಂದು ಬಣ್ಣ ಬದಲಾಗುತ್ತ ಹೋಗುತ್ತದೆ. 47 ಮತ್ತು 74ರ ಜಾಗಗಳಲ್ಲಿ ಒಂದೊಂದು ಬಟ್ಟೆಕ್ಲಿಪ್ ಸಿಕ್ಕಿಸಿದರೆ, ನಾಲ್ಕು ಹತ್ತುಗಳಾಚೆ ಏಳು ಮಣಿ ಎಲ್ಲಿ, ಏಳು ಹತ್ತುಗಳಾಚೆ ನಾಲ್ಕು ಮಣಿ ಎಲ್ಲಿ ಎಂಬುದು ಎಣಿಸದೆಯೇ ತಿಳಿಯುತ್ತದೆ. ಸ್ಥಾನಬೆಲೆಯ ಕಾರ್ಡುಗಳನ್ನು ಒಂದರ ಮೇಲೊಂದು ಇಟ್ಟು 3,087 ಮತ್ತು 3,807 ಕಟ್ಟುವಾಗ ನೂರರ ಸ್ಥಾನದ ಸೊನ್ನೆಯ ಮಹತ್ವ ಗೊತ್ತಾಗುತ್ತದೆ. ಆ ಸ್ಥಾನಕ್ಕೆ ಕಾರ್ಡೇ ಬೇಡವಾಗುವುದರಿಂದ ಕೆಳಗಿನ ಸಾವಿರದ ಕಾರ್ಡಿನ ಸೊನ್ನೆ ಹಾಗೆಯೇ ಇಣುಕುತ್ತದೆ. ಇವೆರಡೂ ನಾಲ್ಕನೆಯ ತರಗತಿಯವನಿಗೆ ಹೇಳಿ ಮಾಡಿಸಿದಂತಿವೆ, ಆರನೆಯ ತರಗತಿಯವಳಿಗೆ ಬೇಕಾಗಿರಲಿಲ್ಲ. ಒಂದು ಆಕ್ಷೇಪವಿದೆ. ಕೈಪಿಡಿಯಲ್ಲಿ ಒಂದು ಲಕ್ಷವನ್ನು 100,000 ಎಂದು ಅಲ್ಪವಿರಾಮ ಹಾಕಿ ಮುದ್ರಿಸಿದ್ದಾರೆ. ನಮ್ಮ ಮಕ್ಕಳು ಶಾಲೆಯಲ್ಲಿ ಮೊದಲು ಬರೆಯುವುದು 1,00,000 ಎಂದು. ಅಂಕಿಗಳ ಗುಂಪನ್ನು ನೋಡಿ ಗಾತ್ರವನ್ನು ಅಂದಾಜು ಮಾಡಲು ಕಲಿಯುತ್ತಿರುವ ಹೊತ್ತಿನಲ್ಲಿ ಗುಂಪು ಮಾಡುವ ಕ್ರಮವೇ ಬೇರೆಯಾದರೆ ಗೊಂದಲ ತಪ್ಪದು.

ಪೆಟ್ಟಿಗೆಯ ಜೀವಾಳವಿರುವುದು ಭಿನ್ನರಾಶಿ ಪಟ್ಟಿಗಳಲ್ಲಿ. ಇಡೀ ಒಂದನ್ನು ಸೂಚಿಸುವ ಪಟ್ಟಿ 24 ಸೆಂಟಿಮೀಟರ್ ಉದ್ದವಿದೆ. ಅಷ್ಟೇ ಉದ್ದವನ್ನು 2, 3, 4, 5, 6, 8, 10 ಮತ್ತು 12 ಸಮಭಾಗಗಳಾಗಿ ಕತ್ತರಿಸಿದ ತುಂಡುಗಳು ಒಂದೊಂದು ಬಣ್ಣದಲ್ಲಿವೆ. 24 ಎಂಬ ಆಯ್ಕೆ ಯಾರೋ ಯೋಚಿಸಿ ಮಾಡಿದ್ದು. ಅರ್ಧಕ್ಕೆ 12, ಮೂರನೇ ಒಂದಕ್ಕೆ 8, ಕಾಲಿಗೆ 6, ಆರನೇ ಒಂದಕ್ಕೆ 4, ಎಂಟನೇ ಒಂದಕ್ಕೆ 3, ಹನ್ನೆರಡನೇ ಒಂದಕ್ಕೆ 2 ಸೆಂಟಿಮೀಟರ್ ಎಂದು ಹೆಚ್ಚಿನವೆಲ್ಲ ಪೂರ್ಣ ಸೆಂಟಿಮೀಟರುಗಳಲ್ಲಿಯೇ ಬೀಳುತ್ತವೆ. ಐದನೇ ಒಂದು 4.8, ಹತ್ತನೇ ಒಂದು 2.4; ಇವೆರಡು ಮಾತ್ರ ದಶಮಾಂಶಕ್ಕೆ ಹೋಗುತ್ತವೆ. ಹೀಗಾಗಿ ಸಂಶಯ ಬಂದಾಗ ಮಗು ಜಾಮಿಟ್ರಿ ಬಾಕ್ಸಿನ ಸ್ಕೇಲನ್ನು ತಂದು ಅಳೆದು ನೋಡಬಹುದು, ಯಾರ ಮಾತನ್ನೂ ನಂಬಬೇಕಾಗಿಲ್ಲ.

"ಅತ್ತೆ, ಎಂಟನೇ ಒಂದೇ ದೊಡ್ಡದಲ್ವಾ? ಆರಕ್ಕಿಂತ ಎಂಟು ಜಾಸ್ತಿ ತಾನೇ?" ಎಂದು ಕೇಳಿದ್ದು ಚಿಕ್ಕವನು. ಎರಡು ತುಂಡುಗಳನ್ನು ಬೀರುವಿನ ಬಾಗಿಲಿಗೆ ಒಂದರ ಕೆಳಗೊಂದು ಅಂಟಿಸಿದಾಗ ಒಂದು 3 ಸೆಂಟಿಮೀಟರ್, ಇನ್ನೊಂದು 4. ಅವನು ಸುಮ್ಮನಾಗಲಿಲ್ಲ, ಎಂಟು ತುಂಡುಗಳನ್ನೂ ಸಾಲಾಗಿ ಹಚ್ಚಿ, ಅದರ ಕೆಳಗೆ ಆರು ತುಂಡುಗಳನ್ನು ಹಚ್ಚಿ, ಎರಡು ಸಾಲುಗಳೂ ಒಂದೇ ಕಡೆ ಮುಗಿಯುತ್ತವೆಯೇ ಎಂದು ಪರೀಕ್ಷಿಸಿದ. ಮುಗಿದವು. ಒಂದೇ ಉದ್ದದಲ್ಲಿ ಹೆಚ್ಚು ಜನ ಪಾಲುದಾರರಾದರೆ ಪಾಲು ಸಣ್ಣದಾಗುತ್ತದೆ ಎಂಬುದನ್ನು ಅವನಿಗೆ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಅಯಸ್ಕಾಂತ ಇರುವುದರಿಂದ ಇದೆಲ್ಲ ಕಬ್ಬಿಣದ ಬೀರುವಿನ ಮೇಲೆಯೇ ನಡೆಯುತ್ತದೆ, ಕೈ ತಗುಲಿದರೆ ಜರುಗುವುದಿಲ್ಲ, ಊಟದ ಹೊತ್ತಿಗೆ ಹಾಗೆಯೇ ಬಿಟ್ಟು ಹೋಗಿ ಮತ್ತೆ ಬಂದು ಮುಂದುವರಿಸಬಹುದು. ಬಿಡಿ ತುಂಡುಗಳ ಸೆಟ್ಟನ್ನು ಮೇಜಿನ ಮೇಲೆ ಹರಡಿ ಕಲಿಸಿದವರಿಗೆ ಇದು ಎಷ್ಟು ದೊಡ್ಡ ಅನುಕೂಲವೆಂಬುದು ಗೊತ್ತಿರುತ್ತದೆ.

ದೊಡ್ಡವಳಿಗೆ ಬೇಕಾಗಿದ್ದ ಲೆಕ್ಕಗಳು ಇನ್ನೂ ಕಷ್ಟದವು. 3/4 ಮತ್ತು 5/6ರಲ್ಲಿ ದೊಡ್ಡದು ಯಾವುದು? ಪಟ್ಟಿಗಳಲ್ಲಿ ಇವು 18 ಮತ್ತು 20 ಸೆಂಟಿಮೀಟರ್. ಆದರೆ ಅವಳು ಕಂಡುಕೊಂಡ ದಾರಿ ಉದ್ದವನ್ನು ಅಳೆಯುವುದಾಗಿರಲಿಲ್ಲ, ಉಳಿದ ಖಾಲಿ ಜಾಗವನ್ನು ನೋಡುವುದಾಗಿತ್ತು. ಎರಡರಲ್ಲಿಯೂ ಇಡೀ ಒಂದಕ್ಕೆ ಒಂದೊಂದೇ ತುಂಡು ಕಡಿಮೆ. ಮೊದಲನೆಯದರಲ್ಲಿ ಕಡಿಮೆಯಾಗಿರುವುದು ಕಾಲು, ಎರಡನೆಯದರಲ್ಲಿ ಆರನೇ ಒಂದು. ಕಡಿಮೆಯಾದದ್ದು ಎಲ್ಲಿ ಚಿಕ್ಕದೋ ಅಲ್ಲಿ ಉಳಿದದ್ದು ದೊಡ್ಡದು. 7/8 ಮತ್ತು 9/10ಕ್ಕೂ ಇದೇ ದಾರಿ ಹಿಡಿದು ಪಟ್ಟಿ ಮುಟ್ಟದೆಯೇ ಉತ್ತರ ಹೇಳಿದಳು. ಒಂದರ ಅಂಶವನ್ನು ಇನ್ನೊಂದರ ಛೇದದಿಂದ ಗುಣಿಸಿ ನೋಡುವ ಓರೆ ಗುಣಾಕಾರವನ್ನು ಶಾಲೆಯಲ್ಲಿ ಅವಳಿಗೆ ಮೊದಲೇ ಕಲಿಸಿಬಿಟ್ಟಿದ್ದರು. ಅದು ತಪ್ಪದೆ ಉತ್ತರ ಕೊಡುತ್ತದೆ ನಿಜ, ಆದರೆ ಆ ಎರಡು ಗುಣಲಬ್ಧಗಳು ಯಾವುದರ ಅಳತೆ ಎಂದು ಕೇಳಿದರೆ ಹೇಳಬಲ್ಲ ಮಕ್ಕಳು ಅಪರೂಪ.

ಸಮಛೇದ ಮಾಡುವ ಕ್ರಮಕ್ಕೆ ಈ ಪಟ್ಟಿಗಳಲ್ಲಿ ಒಳ್ಳೆಯ ಬುನಾದಿ ಇದೆ. 3/4ರ ಸಾಲಿನ ಕೆಳಗೆ ಹನ್ನೆರಡನೇ ಒಂದರ ತುಂಡುಗಳನ್ನು ಜೋಡಿಸಿದರೆ ಒಂಬತ್ತು ಹಿಡಿಯುತ್ತವೆ, 5/6ರ ಕೆಳಗೆ ಹತ್ತು. ಎರಡನ್ನೂ ಒಂದೇ ಅಳತೆಯ ತುಂಡಿನಿಂದ ಎಣಿಸಿದೆವು, ಆದ್ದರಿಂದ ಈಗ 9 ಮತ್ತು 10 ಎಂಬ ಪೂರ್ಣ ಸಂಖ್ಯೆಗಳನ್ನು ಹೋಲಿಸಿದರೆ ಸಾಕು. ನಾಲ್ಕಕ್ಕೂ ಆರಕ್ಕೂ 24 ಬೇಡ, 12 ಸಾಕು ಎಂಬುದು ಲಘುತಮ ಸಾಮಾನ್ಯ ಅಪವರ್ತ್ಯದ ವಿಚಾರ. ಇದನ್ನು ನಿರುದ್ಧ ಎಂಬ ಹೆಸರಿನಲ್ಲಿ ಭಿನ್ನರಾಶಿಗಳಿಗೆ ಬಳಸಿದವನು ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ ಗಣಿತಸಾರಸಂಗ್ರಹವನ್ನು ಬರೆದ ಮಹಾವೀರಾಚಾರ್ಯ. ಕನ್ನಡದ ಕೈಪಿಡಿಯಲ್ಲಿ ಇದಕ್ಕೆ ಒಂದು ಸಾಲಿನ ಜಾಗ ಸಿಗಬಹುದಿತ್ತು. ಅದರ ಬದಲು ಪುಟದ ಕಾಲು ಭಾಗವನ್ನು ನಗುವ ಪೆನ್ಸಿಲಿನ ಚಿತ್ರವೊಂದು ತಿಂದಿದೆ.

ತುಂಡುಗಳಿಲ್ಲದ ಕಡೆ ಏನು ಮಾಡುವುದು? 2/5 ಮತ್ತು 3/8ಕ್ಕೆ ಸಮಛೇದ 40; ನಲವತ್ತನೇ ಒಂದರ ತುಂಡು ಪೆಟ್ಟಿಗೆಯಲ್ಲಿಲ್ಲ, ಇರಲೂ ಬೇಕಾಗಿಲ್ಲ. ಆದರೆ ಸ್ಕೇಲಿನಲ್ಲಿ ಅಳೆದರೆ ಒಂದು 9.6 ಸೆಂಟಿಮೀಟರ್, ಇನ್ನೊಂದು 9. ವ್ಯತ್ಯಾಸ 6 ಮಿಲಿಮೀಟರ್. 240 ಮಿಲಿಮೀಟರಿನ ಇಡೀ ಪಟ್ಟಿಯಲ್ಲಿ ಇಂಥ 6 ಮಿಲಿಮೀಟರುಗಳು ನಲವತ್ತು. ಕಾಗದದ ಮೇಲೆ 16/40 ಮತ್ತು 15/40 ಎಂದು ಬರೆದು ತೆಗೆದ 1/40 ಎಂಬ ವ್ಯತ್ಯಾಸ ಸ್ಕೇಲಿನ ಆರು ಗೆರೆಗಳಾಗಿ ಎದುರಿಗೆ ನಿಂತದ್ದನ್ನು ನೋಡಿ ಅವಳಿಗಿಂತ ನನಗೇ ಹೆಚ್ಚು ಖುಷಿಯಾಯಿತು ಎನ್ನಬೇಕು. 7 ಮತ್ತು 9ರ ಭಾಗಗಳಂತೂ ಪೆಟ್ಟಿಗೆಯಲ್ಲಿ ಇಲ್ಲವೇ ಇಲ್ಲ. ಇದನ್ನು ಕೊರತೆ ಎಂದು ನಾನು ಎಣಿಸುವುದಿಲ್ಲ. 3/7 ಮತ್ತು 4/9ನ್ನು ಹೋಲಿಸಬೇಕಾದಾಗ ಪಟ್ಟಿ ಇಲ್ಲದ್ದರಿಂದ ಅವಳು ಅರ್ಧವನ್ನು ಆಸರೆಯಾಗಿ ಹಿಡಿಯಬೇಕಾಯಿತು: ಏಳರಲ್ಲಿ ಮೂರೂವರೆ ಆದರೆ ಅರ್ಧ, ಒಂಬತ್ತರಲ್ಲಿ ನಾಲ್ಕೂವರೆ ಆದರೆ ಅರ್ಧ. ಎರಡರಲ್ಲಿಯೂ ಅರ್ಧ ತುಂಡು ಕಡಿಮೆ. ಏಳನೇ ಒಂದರ ಅರ್ಧಕ್ಕಿಂತ ಒಂಬತ್ತನೇ ಒಂದರ ಅರ್ಧ ಚಿಕ್ಕದು, ಆದ್ದರಿಂದ 4/9 ಅರ್ಧಕ್ಕೆ ಹೆಚ್ಚು ಹತ್ತಿರ, ಅದೇ ದೊಡ್ಡದು.

ಇನ್ನು ಪಟ್ಟಿಗಳ ದೋಷಗಳು. ಫೋಮಿನ ಅಂಚು ನಯವಾಗಿ ಕತ್ತರಿಸಿಲ್ಲ. ಎರಡು ಅಥವಾ ಮೂರು ತುಂಡು ಸೇರಿಸುವಾಗ ಇದು ಗಮನಕ್ಕೆ ಬರುವುದಿಲ್ಲ, ಆದರೆ ಹನ್ನೆರಡು ತುಂಡುಗಳನ್ನು ಸಾಲಾಗಿ ಹಚ್ಚಿದರೆ ಸಾಲು ಇಡೀ ಪಟ್ಟಿಗಿಂತ 3 ಮಿಲಿಮೀಟರ್ ಆಚೆಗೆ ಚಾಚುತ್ತದೆ. ತುಂಡೊಂದಕ್ಕೆ ಕಾಲು ಮಿಲಿಮೀಟರ್ ಎಂಬುದು ಸಣ್ಣದಾಗಿ ಕಾಣಬಹುದು. 7/12 ಮತ್ತು 3/5ರ ನಡುವಿನ ನಿಜವಾದ ವ್ಯತ್ಯಾಸವೇ 4 ಮಿಲಿಮೀಟರ್ ಆಗಿರುವಾಗ, ಏಳು ತುಂಡುಗಳ ಉಬ್ಬು ಅದನ್ನು ಸುಮಾರು ಎರಡಕ್ಕೆ ಇಳಿಸಿಬಿಡುತ್ತದೆ, ಕೈ ಸ್ವಲ್ಪ ಅಲುಗಿದರೂ ಮಗು ತಪ್ಪು ಉತ್ತರವನ್ನು ಕಣ್ಣಾರೆ ಕಂಡಂತಾಗುತ್ತದೆ. ಹೋಲಿಕೆಗೆಂದೇ ಮಾಡಿದ ವಸ್ತುವಿನಲ್ಲಿ ಈ ಮಟ್ಟದ ಅಜಾಗರೂಕತೆ ಇರಬಾರದಿತ್ತು. ಉಪ್ಪುಕಾಗದದಿಂದ ಅಂಚುಗಳನ್ನು ಉಜ್ಜಿದ ಮೇಲೆ ಬಹುಮಟ್ಟಿಗೆ ಸರಿಹೋಯಿತು.

ಎರಡನೆಯ ದೋಷ ಇನ್ನೂ ಗಂಭೀರವಾದದ್ದು, ಮತ್ತು ಉಪ್ಪುಕಾಗದದಿಂದ ಸರಿಹೋಗುವಂಥದ್ದಲ್ಲ. ಪ್ರತಿಯೊಂದು ಬಗೆಯ ತುಂಡೂ ಇಡೀ ಒಂದಕ್ಕೆ ಸಾಲುವಷ್ಟು ಮಾತ್ರ ಇದೆ: ಇಡೀ ಪಟ್ಟಿ ಒಂದೇ, ಅರ್ಧ ಎರಡು, ಮೂರನೇ ಒಂದು ಮೂರು, ಹೀಗೆ. ಆದ್ದರಿಂದ 5/3 ಎಂಬ, ಛೇದಕ್ಕಿಂತ ಅಂಶವೇ ದೊಡ್ಡದಾದ ವಿಷಮ ಭಿನ್ನರಾಶಿಯನ್ನು ಮೂರನೇ ಒಂದರ ತುಂಡುಗಳಿಂದಲೇ ಕಟ್ಟಲು ಸಾಧ್ಯವಿಲ್ಲ. ಇಡೀ ಪಟ್ಟಿಗೆ ಎರಡು ತುಂಡು ಸೇರಿಸಿ ಕಟ್ಟಿದರೆ, ಅದರ ಜೊತೆಗೆ ಹೋಲಿಸಬೇಕಾದ ಒಂದೂವರೆಯನ್ನು ಕಟ್ಟಲು ಇನ್ನೊಂದು ಇಡೀ ಪಟ್ಟಿ ಇಲ್ಲ. ಇದರ ಪರಿಣಾಮವಾಗಿ ಭಿನ್ನರಾಶಿ ಎಂದರೆ ಒಂದಕ್ಕಿಂತ ಚಿಕ್ಕದು ಎಂಬ, ಮಕ್ಕಳಲ್ಲಿ ಮೊದಲೇ ಬೇರೂರಿರುವ ಅಭಿಪ್ರಾಯ ಪೆಟ್ಟಿಗೆಯ ಕೃಪೆಯಿಂದ ಇನ್ನಷ್ಟು ಗಟ್ಟಿಯಾಗುತ್ತದೆ. ನಾವು ರಟ್ಟಿನಲ್ಲಿ 24 ಸೆಂಟಿಮೀಟರಿನ ಎರಡು ಪಟ್ಟಿ, 8 ಸೆಂಟಿಮೀಟರಿನ ಮೂರು ಮತ್ತು 6 ಸೆಂಟಿಮೀಟರಿನ ನಾಲ್ಕು ತುಂಡುಗಳನ್ನು ಹೆಚ್ಚಾಗಿ ಕತ್ತರಿಸಿಕೊಂಡೆವು. ಆಮೇಲೆ 5/3 40 ಸೆಂಟಿಮೀಟರಾಗಿ, ಒಂದೂವರೆ 36 ಸೆಂಟಿಮೀಟರಾಗಿ ಅಕ್ಕಪಕ್ಕ ನಿಂತವು.

ವೃತ್ತದ ಬಿಲ್ಲೆಗಳನ್ನು ನಾನು ಎತ್ತಿಟ್ಟುಬಿಟ್ಟಿದ್ದೇನೆ. ಅರ್ಧ, ಕಾಲು, ಮುಕ್ಕಾಲುಗಳಿಗೆ ವೃತ್ತ ಚೆನ್ನಾಗಿಯೇ ಕಾಣುತ್ತದೆ, ಆದರೆ ಆ ಮೂರರ ಗಾತ್ರ ಕಿರಾಣಿ ಅಂಗಡಿಗೆ ಹೋಗಿ ಕಾಲು ಕೆ.ಜಿ. ಬೇಳೆ ತಂದ ಮಗುವಿಗೆ ಮೊದಲೇ ಗೊತ್ತಿರುತ್ತದೆ. ಐದನೇ ಒಂದು ಮತ್ತು ಆರನೇ ಒಂದರ ತ್ರಿಕೋನದಂಥ ತುಂಡುಗಳಲ್ಲಿ ಯಾವುದು ಅಗಲ ಎಂದು ಹೇಳಬೇಕಾದರೆ ಒಂದರ ಮೇಲೊಂದು ಇಟ್ಟು ಕೋನವನ್ನು ನೋಡಬೇಕು. ಅದಕ್ಕಿಂತ ಹೆಚ್ಚಾಗಿ, ಈ ಬಿಲ್ಲೆಗಳ ಇಡೀ ವೃತ್ತಕ್ಕೂ ಪಟ್ಟಿಗಳ ಇಡೀ ಒಂದಕ್ಕೂ ಸಂಬಂಧವಿಲ್ಲ. ಚಿಕ್ಕವನು ಒಮ್ಮೆ ವೃತ್ತದ ಅರ್ಧವನ್ನೂ ಪಟ್ಟಿಯ ಮೂರನೇ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಯಾವುದು ದೊಡ್ಡದು ಎಂದು ತೀರ್ಮಾನಿಸಲು ಹೆಣಗುತ್ತಿದ್ದ. ಹೋಲಿಸುವ ಎರಡು ಭಿನ್ನರಾಶಿಗಳೂ ಒಂದೇ ಇಡಿಯ ಭಾಗಗಳಾಗಿರಬೇಕು ಎಂಬ ಮಾತು ಕೈಪಿಡಿಯಲ್ಲಿ ಎಲ್ಲಿಯೂ ಇಲ್ಲ.

ಪೂರ್ಣಾಂಕಗಳ ವಿಷಯಕ್ಕೆ ಬಂದರೆ ಪೆಟ್ಟಿಗೆಯಲ್ಲಿರುವ ಎರಡು ಸಾಮಾನುಗಳಲ್ಲಿ ಒಂದು ಕಲಿಸುತ್ತದೆ, ಇನ್ನೊಂದು ಕಲಿತದ್ದನ್ನು ಕೆಡಿಸುತ್ತದೆ. ಹಳದಿ ಮುಖ +1, ಕೆಂಪು ಮುಖ −1 ಎಂದು ಇಟ್ಟುಕೊಳ್ಳುವ ಬಿಲ್ಲೆಗಳು ಸಂಕಲನಕ್ಕೆ ಉತ್ತಮ ಸಾಧನ. ಒಂದು ಹಳದಿ ಒಂದು ಕೆಂಪು ಸೇರಿದರೆ ಸೊನ್ನೆ, ಜೋಡಿಗಳನ್ನು ತೆಗೆದು ಉಳಿದದ್ದನ್ನು ಎಣಿಸಿದರೆ ಉತ್ತರ. ಗಣಿತಜ್ಞ ಬ್ರಹ್ಮಗುಪ್ತನು ಕ್ರಿ.ಶ. 628ರಲ್ಲಿಯೇ ಧನ, ಋಣ ಮತ್ತು ಶೂನ್ಯಗಳಿಗೆ ಬರೆದ ನಿಯಮಗಳಲ್ಲಿ, ಸಮ ಪ್ರಮಾಣದ ಧನ ಋಣಗಳು ಕೂಡಿದರೆ ಶೂನ್ಯ ಎಂಬುದೂ ಒಂದು. ಆದರೆ ಕೈಪಿಡಿ ಇದೇ ಬಿಲ್ಲೆಗಳನ್ನು ಹೋಲಿಕೆಗೂ ಬಳಸಲು ಹೇಳುತ್ತದೆ. ಮೇಜಿನ ಮೇಲೆ ಒಂದು ಕಡೆ ಐದು ಕೆಂಪು ಬಿಲ್ಲೆ, ಇನ್ನೊಂದು ಕಡೆ ಮೂರು ಕೆಂಪು ಬಿಲ್ಲೆ. ಕಣ್ಣಿಗೆ ಐದರ ರಾಶಿ ದೊಡ್ಡದು. ಉತ್ತರ ಮಾತ್ರ −5 ಚಿಕ್ಕದು. ಏಳು ಕೆಂಪು ಎರಡು ಹಳದಿಗಿಂತ ಚಿಕ್ಕದು ಎಂದು ಒಪ್ಪಿಸಲು ಹೊರಟರಂತೂ ವಸ್ತು ಒಂದು ಹೇಳುತ್ತದೆ, ಟೀಚರು ಇನ್ನೊಂದು ಹೇಳುತ್ತಾರೆ ಎಂಬ ಸ್ಥಿತಿ. ಈ ಪುಟವನ್ನು ಬಿಟ್ಟು ಮುಂದೆ ಹೋಗುವಂತೆ ಕೊಳ್ಳುವವರಿಗೆಲ್ಲ ಹೇಳುತ್ತೇನೆ.

ಹೋಲಿಕೆಗೆ ಬೇಕಾದದ್ದು ರಾಶಿಯಲ್ಲ, ಸ್ಥಾನ. ಅದನ್ನು −20ರಿಂದ 20ರವರೆಗಿನ ಫ್ಲೆಕ್ಸ್ ಪಟ್ಟಿ ಸರಿಯಾಗಿ ತೋರಿಸುತ್ತದೆ. ಸಂಖ್ಯೆಗಳ ನಡುವೆ ಎರಡೂವರೆ ಸೆಂಟಿಮೀಟರ್, ಒಟ್ಟು ಒಂದು ಮೀಟರ್. ಬಲಕ್ಕೆ ಹೋದಂತೆಲ್ಲ ದೊಡ್ಡದು, ಎಡಕ್ಕೆ ಹೋದಂತೆಲ್ಲ ಚಿಕ್ಕದು, ಸೊನ್ನೆ ದಾಟಿದ ಮೇಲೂ ಅದೇ ಕಾನೂನು. ಪಟ್ಟಿಯನ್ನು ಗೋಡೆಗೆ ಅಡ್ಡವಾಗಿ ಅಂಟಿಸುವ ಬದಲು ಬಾಗಿಲ ಚೌಕಟ್ಟಿಗೆ ಲಂಬವಾಗಿ ಅಂಟಿಸಿದಾಗ ಹೆಚ್ಚು ಉಪಯೋಗವಾಯಿತು ಎಂಬುದು ನಮ್ಮ ಅನುಭವ. ಕೈಪಿಡಿ ಹಿಮ ಬೀಳುವ ಊರಿನ ಉಷ್ಣಾಂಶವನ್ನು ಉದಾಹರಣೆಯಾಗಿ ಕೊಡುತ್ತದೆ. ಚಳಿಗಾಲದಲ್ಲಿಯೂ ಸ್ವೆಟರ್ ಹಾಕಿಕೊಳ್ಳಲು ಒಲ್ಲದ ನಮ್ಮೂರಿನ ಮಕ್ಕಳಿಗೆ ಸೊನ್ನೆಗಿಂತ ಕಡಿಮೆ ಉಷ್ಣಾಂಶ ಸಿಗುವುದು ಫ್ರಿಜ್ಜಿನ ಫ್ರೀಜರಿನಲ್ಲಿ ಮಾತ್ರ. ಅಪಾರ್ಟ್‌ಮೆಂಟಿನ ಲಿಫ್ಟು ಅವರಿಗೆ ಇದಕ್ಕಿಂತ ಪರಿಚಿತ. ನೆಲಮಹಡಿ 0, ಅದರ ಕೆಳಗಿನ ಪಾರ್ಕಿಂಗ್ −1, ಅದಕ್ಕೂ ಕೆಳಗಿನದು −2. ಕೋಲಾರದ ಚಿನ್ನದ ಗಣಿಯ ವಿಷಯವೂ ನಡುವೆ ಬಂತು. 2001ರಲ್ಲಿ ಮುಚ್ಚುವ ಮೊದಲೇ ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಕೆಳಗೆ ಹೋಗಿತ್ತು. ಭೂಮಟ್ಟವನ್ನು 0 ಎಂದಿಟ್ಟುಕೊಂಡರೆ −3,000 ಮೀಟರಿನಲ್ಲಿ ಕೆಲಸ ಮಾಡುವವನು −500ರಲ್ಲಿ ಇರುವವನಿಗಿಂತ ಕೆಳಗಿದ್ದಾನೆ. ಆಳ ಹೆಚ್ಚು, ಸಂಖ್ಯೆ ಚಿಕ್ಕದು. ಈ ಎರಡು ಮಾತುಗಳೂ ಏಕಕಾಲಕ್ಕೆ ನಿಜವಾಗಬಹುದು ಎಂಬುದನ್ನು ಲಂಬ ರೇಖೆಯ ಮೇಲೆ ಬೆರಳಿಟ್ಟು ತೋರಿಸಿದಾಗ ದೊಡ್ಡವಳು ಒಪ್ಪಿದಳು, ಬರೆದು ತೋರಿಸಿದಾಗ ಒಪ್ಪಿರಲಿಲ್ಲ.

ಪೆಟ್ಟಿಗೆಯ ಮುಖ್ಯ ವೈಫಲ್ಯ ಇಲ್ಲಿಯೇ ಇದೆ. ಫ್ಲೆಕ್ಸ್ ಪಟ್ಟಿಯಲ್ಲಿ ಒಂದು ಎಂದರೆ ಎರಡೂವರೆ ಸೆಂಟಿಮೀಟರ್. ಭಿನ್ನರಾಶಿ ಪಟ್ಟಿಯಲ್ಲಿ ಒಂದು ಎಂದರೆ 24 ಸೆಂಟಿಮೀಟರ್. ಮಣಿಸರದಲ್ಲಿ ಒಂದು ಎಂದರೆ ಒಂದು ಮಣಿ. ಮೂರು ಉಪಕರಣಗಳೂ ತಮ್ಮಷ್ಟಕ್ಕೆ ಚೆನ್ನಾಗಿವೆ, ಆದರೆ ಅವುಗಳ ನಡುವೆ ಮಾತುಕತೆಯೇ ಇಲ್ಲ. ಫ್ಲೆಕ್ಸ್ ಪಟ್ಟಿಯ ಮೇಲೆ ಮುಕ್ಕಾಲನ್ನು ಗುರುತಿಸು ಎಂದು ದೊಡ್ಡವಳಿಗೆ ಹೇಳಿದಾಗ ಅವಳು ಬೆರಳಿಟ್ಟದ್ದು 3 ಮತ್ತು 4ರ ನಡುವೆ. ಪಟ್ಟಿಗಳಲ್ಲಿ 3/4ನ್ನು 5/6ರ ಜೊತೆ ಸಲೀಸಾಗಿ ಹೋಲಿಸುತ್ತಿದ್ದ ಹುಡುಗಿಗೆ ಅದು 0 ಮತ್ತು 1ರ ನಡುವೆ ಕೂರುವ ಒಂದು ಸಂಖ್ಯೆ ಎಂಬುದು ಗೊತ್ತಿರಲಿಲ್ಲ. ಅವಳ ಪಾಲಿಗೆ ಅದು ನಾಲ್ಕು ತುಂಡುಗಳಲ್ಲಿ ಮೂರು ಬಣ್ಣದ ತುಂಡು, ಅಷ್ಟೇ. ಮೂರು ಬಗೆಯ ಸಂಖ್ಯೆಗಳನ್ನು ಒಂದೇ ಕ್ರಮದಲ್ಲಿ ನೋಡಲು ಕಲಿಸಬೇಕಾದ ಪೆಟ್ಟಿಗೆ ಅವುಗಳನ್ನು ಮೂರು ಬೇರೆ ಖಾನೆಗಳಲ್ಲಿ ಇಟ್ಟು ಕೊಟ್ಟಿದೆ.

ಪರಿಹಾರಕ್ಕೆ ಹೆಚ್ಚಿನ ಖರ್ಚಿಲ್ಲ. ಪುಸ್ತಕಗಳಿಗೆ ಹಾಕುವ ಕಂದು ಕಾಗದದ ಸುರುಳಿಯಿಂದ ಒಂದೂಕಾಲು ಮೀಟರ್ ಕತ್ತರಿಸಿ, ಅದರ ಮೇಲೆ ನೇರ ಗೆರೆ ಎಳೆದು, 24 ಸೆಂಟಿಮೀಟರಿಗೊಂದು ಗುರುತು ಹಾಕಿ −2, −1, 0, 1, 2, 3 ಎಂದು ಬರೆದೆವು. ಐದು ಅಂತರ, 120 ಸೆಂಟಿಮೀಟರ್. ಈಗ ಪೆಟ್ಟಿಗೆಯ ಭಿನ್ನರಾಶಿ ಪಟ್ಟಿಗಳೇ ಇದರ ಅಳತೆಗೋಲು. 0ಯಿಂದ ಬಲಕ್ಕೆ ಮೂರು ಕಾಲುಗಳನ್ನು ಇಟ್ಟು ಅವು ಮುಗಿದ ಕಡೆ 3/4 ಎಂದು ಬರೆದಾಗ, ಅದು ಒಂದಕ್ಕಿಂತ ಈಚೆಗೆ, ಅರ್ಧಕ್ಕಿಂತ ಆಚೆಗೆ ಇರುವ ಸ್ಥಾನ ಎಂಬುದರಲ್ಲಿ ತಕರಾರಿಗೆ ಎಡೆಯಿಲ್ಲ. 5/3 ಎರಡರ ಹತ್ತಿರ ಬಂದು ನಿಲ್ಲುತ್ತದೆ. ಅವೇ ತುಂಡುಗಳನ್ನು 0ಯಿಂದ ಎಡಕ್ಕೆ ಇಟ್ಟರೆ −1/2 ಸೊನ್ನೆಯಿಂದ 12 ಸೆಂಟಿಮೀಟರ್ ದೂರದಲ್ಲಿಯೂ −3/4 18 ಸೆಂಟಿಮೀಟರ್ ದೂರದಲ್ಲಿಯೂ ಬೀಳುತ್ತವೆ. ಹೆಚ್ಚು ಎಡಕ್ಕೆ ಇರುವುದರಿಂದ −3/4 ಚಿಕ್ಕದು. ಲೇಖನದ ಮೊದಲಲ್ಲಿ ಹೇಳಿದ ತಿರುಗುಮುರುಗು ಈ ಕಾಗದದ ಮೇಲೆ ತಿರುಗುಮುರುಗಾಗಿ ಉಳಿಯುವುದಿಲ್ಲ. ಪೂರ್ಣ ಸಂಖ್ಯೆ, ಋಣ ಸಂಖ್ಯೆ, ಭಿನ್ನರಾಶಿ ಯಾವುದೇ ಆಗಲಿ, ಎಡಗಡೆಯದು ಚಿಕ್ಕದು.

ಈ ರೇಖೆಯ ಮೇಲೆ ಪೆಟ್ಟಿಗೆ ತಯಾರಿಸಿದವರು ಯೋಚಿಸದ ಒಂದು ಆಟವೂ ಹುಟ್ಟಿತು. 1/2 ಮತ್ತು 2/3ರ ಗುರುತುಗಳು 12 ಮತ್ತು 16 ಸೆಂಟಿಮೀಟರಿನಲ್ಲಿವೆ. ನಡುವೆ ಯಾರಾದರೂ ಇದ್ದಾರೆಯೇ ಎಂದು ಕೇಳಿದೆ. ದೊಡ್ಡವಳು 7/12 ಅನ್ನು 14ರಲ್ಲಿ ಇಟ್ಟಳು. ಚಿಕ್ಕವನು ಎಂಟನೇ ಒಂದರ ಐದು ತುಂಡು ಹಚ್ಚಿ 15ಕ್ಕೆ ಬಂದ. ಐದನೇ ಒಂದರ ಮೂರು ತುಂಡು 14.4ಕ್ಕೆ ಬಂದವು. 3 ಮತ್ತು 4ರ ನಡುವೆ ಇನ್ನೊಂದು ಪೂರ್ಣ ಸಂಖ್ಯೆ ಇಲ್ಲ, ಆದರೆ ಎರಡು ಭಿನ್ನರಾಶಿಗಳ ನಡುವೆ ಎಷ್ಟು ಬೇಕಾದರೂ ಸಿಗುತ್ತವೆ ಎಂಬ ಸಂಗತಿ ಅವರಿಗೆ ತಾವೇ ಪತ್ತೆ ಮಾಡಿದ ಗುಟ್ಟಿನಂತೆ ಕಂಡಿತು. ಪೆನ್ಸಿಲಿನ ಮೊನೆ ಗುರುತು ಹಾಕಲಾರದಷ್ಟು ಹತ್ತಿರ ಬಂದಾಗಲೂ ನಡುವೆ ಜಾಗವಿರುತ್ತದೆಯೇ ಎಂಬ ಪ್ರಶ್ನೆಯನ್ನು ಚಿಕ್ಕವನೇ ಎತ್ತಿದ.

ಆಟದ ಕಾರ್ಡುಗಳು ಇಸ್ಪೀಟಿನ ಅಳತೆಯವು. ಇಬ್ಬರೂ ಒಂದೊಂದು ಎಲೆ ಎತ್ತಿ ಹಾಕಬೇಕು, ದೊಡ್ಡ ಸಂಖ್ಯೆ ಹಾಕಿದವರು ಎರಡನ್ನೂ ಗೆದ್ದುಕೊಳ್ಳಬೇಕು. 12, −7, 3/4, 0, 5/3 ಎಲ್ಲವೂ ಒಂದೇ ಕಟ್ಟಿನಲ್ಲಿ ಕಲೆತಿರುವುದು ಇದರ ಗುಣ, ಮತ್ತು ಪೆಟ್ಟಿಗೆಯಲ್ಲಿ ಮೂರು ಬಗೆಯ ಸಂಖ್ಯೆಗಳು ನಿಜವಾಗಿ ಒಟ್ಟಿಗೆ ಸೇರುವ ಏಕೈಕ ಜಾಗ ಇದು. 0 ಮತ್ತು −7 ಎದುರಾದಾಗ 0 ಗೆಲ್ಲುವುದನ್ನು ಜೀರ್ಣಿಸಿಕೊಳ್ಳಲು ಚಿಕ್ಕವನಿಗೆ ಬಹಳ ಹೊತ್ತು ಹಿಡಿಯಿತು. "ಸೊನ್ನೇಲಿ ಏನೂ ಇಲ್ವಲ್ಲ ಅತ್ತೆ, ಅದು ಹೇಗೆ ಗೆಲ್ಲುತ್ತೆ?" ಎಂದು ಜಗಳಕ್ಕೇ ನಿಂತ, ಅಕ್ಕ ಅವನನ್ನು ಬಾಗಿಲ ಚೌಕಟ್ಟಿನ ಹತ್ತಿರ ಕರೆದುಕೊಂಡು ಹೋಗಿ ಯಾರು ಮೇಲಿನ ಮಹಡಿಯಲ್ಲಿದ್ದಾರೆ ನೋಡು ಎಂದು ಕೇಳಿದಳು. ಕಾರ್ಡುಗಳ ಕಾಗದ ತೆಳುವಾಗಿದ್ದು ಮೂಲೆಗಳು ಬೇಗ ಮಡಚಿಕೊಂಡವು. −1/2ರಂಥ ಋಣ ಭಿನ್ನರಾಶಿಯ ಎಲೆ ಕಟ್ಟಿನಲ್ಲಿ ಒಂದೂ ಇಲ್ಲ. ಖಾಲಿ ಬಿಟ್ಟಿರುವ ಹೆಚ್ಚುವರಿ ಎಲೆಗಳ ಮೇಲೆ ಸ್ಕೆಚ್ ಪೆನ್ನಿನಿಂದ ಬರೆದುಕೊಂಡೆವು.

ಇದೇ ಹಣಕ್ಕೆ ಬೇರೆ ಏನು ಸಿಗುತ್ತದೆ ಎಂದು ಕೇಳುವವರಿಗೆ ಎರಡು ಮಾತು. ಬೆಲ್ಜಿಯಂನ ಶಾಲಾ ಶಿಕ್ಷಕ ಜಾರ್ಜ್ ಕ್ವಿಸೆನೇರ್ ರೂಪಿಸಿ, 1952ರಲ್ಲಿ ಪುಸ್ತಕ ಪ್ರಕಟಿಸಿ ಪ್ರಚಾರಕ್ಕೆ ತಂದ ಬಣ್ಣದ ಕೋಲುಗಳು 1ರಿಂದ 10 ಸೆಂಟಿಮೀಟರಿನವರೆಗೆ ಹತ್ತು ಉದ್ದಗಳಲ್ಲಿ ಬರುತ್ತವೆ. ಅವುಗಳ ಮೇಲೆ ಸಂಖ್ಯೆ ಬರೆದಿರುವುದಿಲ್ಲ. ಇವತ್ತು 6 ಸೆಂಟಿಮೀಟರಿನ ಕೋಲನ್ನು ಒಂದು ಎಂದಿಟ್ಟುಕೊಂಡರೆ 3ರದ್ದು ಅರ್ಧ. ನಾಳೆ 9ರದ್ದನ್ನು ಒಂದು ಎಂದಿಟ್ಟುಕೊಂಡರೆ ಅದೇ 3ರ ಕೋಲು ಮೂರನೇ ಒಂದು. ಇಡೀ ಎಂಬುದು ನಾವು ಗೊತ್ತುಮಾಡಿಕೊಂಡದ್ದು ಎಂಬ ತಿಳಿವಳಿಕೆ ಅವುಗಳಿಂದ ಬರುವಷ್ಟು ಚೆನ್ನಾಗಿ ಈ ಪೆಟ್ಟಿಗೆಯಿಂದ ಬರುವುದಿಲ್ಲ, ಏಕೆಂದರೆ ಇಲ್ಲಿ ಪ್ರತಿ ತುಂಡಿಗೂ ಹಣೆಪಟ್ಟಿ ಅಂಟಿಸಿಯಾಗಿದೆ. ಆದರೆ ಐದನೇ ಒಂದನ್ನೂ ಎಂಟನೇ ಒಂದನ್ನೂ ನೇರವಾಗಿ ಅಕ್ಕಪಕ್ಕ ಇಡುವ ಸೌಲಭ್ಯ ಆ ಕೋಲುಗಳಲ್ಲಿ ಸುಲಭಕ್ಕೆ ಸಿಗದು. ಇನ್ನು ಮಕ್ಕಳು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಓದುತ್ತಿದ್ದರೆ ಕೊಳ್ಳುವ ಮೊದಲು ಶಾಲೆಯಲ್ಲಿ ವಿಚಾರಿಸುವುದು ಒಳ್ಳೆಯದು. ಅಕ್ಷರ ಫೌಂಡೇಶನ್ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆ ಸೇರಿ ನಡೆಸಿದ ಗಣಿತ ಕಲಿಕಾ ಆಂದೋಲನದ ಕಿಟ್ಟುಗಳು ನಾಲ್ಕು ಮತ್ತು ಐದನೆಯ ತರಗತಿಗಳಿಗಾಗಿ ರಾಜ್ಯದ ಬಹಳಷ್ಟು ಶಾಲೆಗಳಿಗೆ ಹೋಗಿವೆ.

ಮಾರಾಟದ ನಂತರದ ಸೇವೆಯ ಬಗ್ಗೆ ಹೇಳದಿದ್ದರೆ ವಿಮರ್ಶೆ ಪೂರ್ಣವಾಗದು. ಹನ್ನೆರಡನೇ ಒಂದರ ಎರಡು ತುಂಡುಗಳು ಎಲ್ಲಿಯೋ ಕಳೆದುಹೋದವು, 2 ಸೆಂಟಿಮೀಟರಿನ ತುಂಡು ಕಳೆಯದೆ ಇದ್ದರೇ ಆಶ್ಚರ್ಯ. ಬಿಡಿ ತುಂಡು ಕೊಡುತ್ತೀರಾ ಎಂದು ಅಂಗಡಿಯವರನ್ನು ಕೇಳಿದರೆ ಇಡೀ ಪೆಟ್ಟಿಗೆಯನ್ನೇ ಮತ್ತೆ ಕೊಳ್ಳಬೇಕು ಎಂದರು. 51 ತುಂಡುಗಳ ಉಪಕರಣದಲ್ಲಿ ಒಂದು ತುಂಡು ಹೋದರೂ ಆ ಸಾಲು ಇಡೀ ಒಂದಕ್ಕೆ ತಲುಪುವುದಿಲ್ಲವಾದ್ದರಿಂದ ಇದು ಸಣ್ಣ ತೊಂದರೆಯಲ್ಲ. ನಾಲ್ಕನೆಯ ತರಗತಿಯಿಂದ ಏಳನೆಯ ತರಗತಿಯವರೆಗಿನ ಮಕ್ಕಳಿರುವ ಮನೆಗೆ, ಪಕ್ಕದಲ್ಲಿ ಕೂತು ಆಡಿಸುವ ದೊಡ್ಡವರೊಬ್ಬರು ಇದ್ದರೆ, ಪೆಟ್ಟಿಗೆಯನ್ನು ಕೊಳ್ಳಬಹುದು. ಮಕ್ಕಳ ಕೈಗೆ ಕೊಟ್ಟು ಕೈಪಿಡಿ ನೋಡಿಕೊಂಡು ಕಲಿಯಿರಿ ಎನ್ನುವವರು ಕೊಳ್ಳಬೇಕಾಗಿಲ್ಲ. ಕೊಂಡ ದಿನವೇ ಎಲ್ಲ ಪಟ್ಟಿಗಳನ್ನೂ ದಪ್ಪ ರಟ್ಟಿನ ಮೇಲಿಟ್ಟು ಗೆರೆ ಎಳೆದು ಇನ್ನೊಂದು ಜೊತೆ ಕತ್ತರಿಸಿಟ್ಟುಕೊಂಡರೆ, ಒಂದಕ್ಕಿಂತ ದೊಡ್ಡ ಭಿನ್ನರಾಶಿಗಳಿಗೂ ತುಂಡು ಸಿಗುತ್ತದೆ, ಕಳೆದುಹೋದಾಗ ಅಂಗಡಿಗೆ ಅಲೆಯುವುದೂ ತಪ್ಪುತ್ತದೆ.